ಹದಿನೇಳನೆಯ ಮೀಟರು

ಕೋಡಿಬಾಗದ ಈ ಓಣಿಯಲ್ಲಿ ಹದಿನೇಳು ಮೀಟರು.
ಹದಿನಾರಕ್ಕೆ ಕತ್ತೆತ್ತಿದರೆ ಸಾಕು,
ಹದಿನೇಳನೆಯದಕ್ಕೆ ಮಾತ್ರ
ಮೊದಲು ಅಂಗಿಯ ತೋಳು ಮಡಚಬೇಕು.

ಕಾಯ್ತಾನನ ಮನೆ. ಮೀಟರಿನ ಕೆಳಗೇ,
ಲೋಕದಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ,
ಹಳೆ ಪೇಂಟಿನ ಡಬ್ಬಿಯಲ್ಲಿ ಒಂದು ಕಳ್ಳಿ:
ಬೆರಳು ದಪ್ಪದ ಬೂದು ಕಾಂಡ, ಮೈತುಂಬ ಸೂಜಿ,
ತುದಿಯಲ್ಲಿ ನಾಲ್ಕೆಂಟು ಎಲೆ,
ಅದರ ಮೇಲೆ, ನಾಚಿಕೆಯಿಲ್ಲದೆ, ಕೆಂಪು.

ಹಡಗಿನಲ್ಲಿ ಅಡುಗೆಗಿದ್ದವನು ಕಾಯ್ತಾನ್.
ಬ್ಯಾಂಕಾಕಿನ ಬಂದರಿನಲ್ಲಿ ಯಾವಳೋ ಮುದುಕಿ
ಒಂದು ತುಂಡು ಮುರಿದು ಕೊಟ್ಟಳಂತೆ,
ಕಾಲುಚೀಲದಲ್ಲಿ ಸುತ್ತಿ ತಂದನಂತೆ.
ಗೊಂಚಲಿಗೆ ಎಂಟು ಹೂ ಬಂದರೆ
ಎಂಟು ಸಿದ್ಧರು ಬಂದು ಜಗಲಿಯಲ್ಲಿ ಕೂತ ಹಾಗೆ,
ಆಮೇಲೆ ಮನೆಗೆ ಯಾವುದಕ್ಕೂ ಕಮ್ಮಿಯಿಲ್ಲ.
ಇವನಿಗೆ ಅವಳ ಭಾಷೆ ಬಾರದು,
ಎಂಟು ಬೆರಳು ಎತ್ತಿ ತೋರಿಸಿದಳಂತೆ.
ಸಿದ್ಧರ ಸುದ್ದಿಯನ್ನು ಯಾವ ಬೆರಳಲ್ಲಿ ಹೇಳಿದಳೋ,
ನಾನು ಕೇಳಲಿಲ್ಲ.

ಅವನ ಅಕ್ಕ ರೋಸುಬಾಯಿಗೆ ಈ ಲೆಕ್ಕ ಹಿಡಿಸದು.
'ಸ್ವಾಮಿಯ ತಲೆಗೆ ಒತ್ತಿದ ಮುಳ್ಳು ಇದು,
ಕೆಂಪು ಎಲ್ಲಿಂದ ಬಂತು ಅಂದುಕೊಂಡಿ?'
ಶುಭ ಶುಕ್ರವಾರ ಗಿಡಕ್ಕೆ ನೀರಿಲ್ಲ, ಅವಳಿಗೆ ಅನ್ನವಿಲ್ಲ.
ಎದುರುಮನೆ ಹೊನ್ನಮ್ಮ ಹರಿಕಂತ್ರ
ಮೀನುಬುಟ್ಟಿ ಇಳಿಸದೆಯೇ ಹೇಳಿದಳು:
'ಕಳ್ಳಿ ಇದ್ದಲ್ಲಿ ಸಿಡಿಲು ಬಡಿಯೂದಿಲ್ಲ,
ನಮ್ಮಜ್ಜಿ ಮಾಡಿನ ಮೇಲೇ ನೆಟ್ಟಿತ್ತು.'
ಸಿಡಿಲು ನನ್ನ ಇಲಾಖೆಗೆ ಸೇರಿದ ವಿಷಯ.
ಸುಮ್ಮನೆ ತಲೆಯಾಡಿಸಿದೆ.

ಎಂಟನೆಯ ಕ್ಲಾಸಿನ ನನ್ನ ಮಗಳು ಮನೆಯಲ್ಲಿ
'ಅಪ್ಪಾ, ಅದು ಹೂವೇ ಅಲ್ಲ,
ಎಲೆಯೇ ಕೆಂಪಾಗಿದ್ದು.
ಹೂವು ಒಳಗಿರತದೆ, ಸಾಸಿವೆಯಷ್ಟು' ಅಂದಳು.
ಇದನ್ನು ಕಾಯ್ತಾನನಿಗೆ ಹೇಳಲು ಬಾಯಿ ಬರಲಿಲ್ಲ.

ಏಪ್ರಿಲ್ ರೀಡಿಂಗಿಗೆ ಹೋದಾಗ ಬಾಗಿಲಿಗೆ ಬೀಗ.
ಅವನು ಬೈತಕೋಲದಲ್ಲಿ ಬಲೆ ಹೊಲಿಯಲು,
ಅವಳು ಇಗರ್ಜಿಗೆ.
ಗಿಡದಲ್ಲಿ ಎಂಟು.
ರೀಡಿಂಗಿನ ಹಾಗೆ ಎರಡು ಸಲ ಎಣಿಸಿದೆ.
ಎಂಟೇ.
ಆ ಸಂತೋಷದಲ್ಲಿ ತೋಳು ಮಡಚುವುದು ಮರೆತು
ಮೀಟರಿನ ಗುಂಡಿ ಒತ್ತಿದೆ.
ಮುಳ್ಳು ಅಂಗಿಯನ್ನು ಹಿಡಿಯಿತು, ನಾನು ಎಳೆದೆ,
ಒಂದು ಕಳಚಿ ಅಂಗೈಗೆ ಬಿತ್ತು.
ಮುರಿದಲ್ಲಿ ಹಾಲು, ಬಿಳಿ,
ಹಸುಗೂಸಿನ ಬಾಯಿಂದ ಜಾರಿದ ಹಾಗೆ.
ಸುತ್ತ ನೋಡಿದೆ. ಯಾರೂ ಇಲ್ಲ.
ಹೂವನ್ನು ಕಿಸೆಗೆ ಹಾಕಿಕೊಂಡು
ಬಿಲ್ಲು ಹರಿದು ಮುಳ್ಳಿಗೆ ಸಿಕ್ಕಿಸಿದೆ.
ನಾಲ್ಕು ಸಾವಿರದ ಎಂಟುನೂರ ಹನ್ನೆರಡು.
ಅದರಲ್ಲಿ ತಪ್ಪಿಲ್ಲ.

ಮೇ ತಿಂಗಳ ಒಂದು ರಾತ್ರಿ
ಸದಾಶಿವಗಡದ ಕಡೆಯಿಂದ ಕಾಳಿ ನದಿ ದಾಟಿ ಬಂತು ಗುಡುಗು.
ಓಣಿಯ ತುದಿಯ ಟ್ರಾನ್ಸ್‌ಫಾರ್ಮರಿಗೆ ಬಡಿದು
ಹದಿನೇಳು ಮೀಟರೂ ಕಪ್ಪು.
ಬೆಳಿಗ್ಗೆ ಹೊಸವನ್ನು ಹೊತ್ತು ಹೋದೆ.

ಹೊನ್ನಮ್ಮ ಗಿಡದ ಮೇಲೆ ತಿರುಗಿಬಿದ್ದಳು:
'ಪರದೇಶದ ಕಳ್ಳಿ ಇದು,
ನಮ್ಮ ಸಿಡಿಲಿನ ಗುರ್ತ ಇದಕ್ಕೆಲ್ಲಿ?'
ರೋಸುಬಾಯಿ: 'ಯಾರನ್ನೂ ಕಾಯೂಕೆ ಹುಟ್ಟಿದ ಮುಳ್ಳಲ್ಲ ಅದು.'
ಕಾಯ್ತಾನ್ ಮಾತ್ರ ಡಬ್ಬಿಯ ಪಕ್ಕ ಕುಕ್ಕರಗಾಲಲ್ಲಿ ಕೂತು
'ಏಳೇ ಬಂದಿತ್ತು, ಕರೆಂಟಬಾಬಾ,
ಅದರದ್ದೇನು ತಪ್ಪು' ಅಂದ.

ನಾನು ಸ್ಕ್ರೂ ತಿರುಗಿಸುತ್ತಲೇ ಇದ್ದೆ.
ಬಿಗಿಯಾದ ಮೇಲೂ ತಿರುಗಿಸುತ್ತಲೇ ಇದ್ದೆ.
ಹೊಸ ಮೀಟರಿನಲ್ಲಿ ಐದು ಸೊನ್ನೆ ಹೊತ್ತಿಕೊಂಡವು.

ಹೊರಡುವಾಗ ಅವನೇ ಒಂದು ತುಂಡು ಕತ್ತರಿಸಿ
ಬಾಯಿಗೆ ಒಲೆಬೂದಿ ಹಚ್ಚಿ,
ಏಪ್ರಿಲ್ ಬಿಲ್ಲಿನಲ್ಲಿ ಸುತ್ತಿ ಕೊಟ್ಟ.
'ಮೂರು ದಿನ ಹಾಲು ಒಣಗಲಿ, ಆಮೇಲೆ ನೆಡು.
ಆ ಕೈಯಲ್ಲಿ ಕಣ್ಣು ಉಜ್ಜಬೇಡ.'

ಉಜ್ಜಲಿಲ್ಲ.
ಹೆಂಡತಿ ಇನ್ನೂ ಕೇಳುತ್ತಾಳೆ,
ಖಾಕಿ ಅಂಗಿಯ ಕಿಸೆಯ ಕಲೆ ಯಾವುದರದ್ದು,
ಎಷ್ಟು ಕುಕ್ಕಿದರೂ ಹೋಗುವುದಿಲ್ಲವಲ್ಲ ಎಂದು.

ಗಿಡವನ್ನು ನೆಟ್ಟಿದ್ದೇನೆ,
ಮೀಟರಿನಿಂದ ದೂರ, ಬಚ್ಚಲಿನ ಹಿಂದೆ.
ಹೋದ ವಾರ ಮೂರು.